ಆರನೆಯ ವರ್ಷದ ದವಡೆಹಲ್ಲು

ಜಾತ್ರೆಯಲ್ಲಿ ಹೋರಿಯ ಬಾಯಿ ಬಿಡಿಸಿ ಹಲ್ಲು ನೋಡದೆ ನೀವು ಬೆಲೆ ಕಟ್ಟುವುದಿಲ್ಲ. ಆರು ವರ್ಷದ ಮಗುವಿನ ಬಾಯನ್ನೂ ಒಮ್ಮೆ ನೋಡಿರಿ. ಹಾಲುಹಲ್ಲುಗಳು 20, ಚಿಕ್ಕವು, ಬಲು ಬಿಳುಪು. ಅವುಗಳ ಮೇಲಿನ ಗಟ್ಟಿ ಪದರ ತೆಳು, ಒಳಗಿನ ನರದ ಗೂಡು ದೊಡ್ಡದು. ಆದುದರಿಂದ ಹುಳುಕು ಬೇಗನೆ ನರವನ್ನು ಮುಟ್ಟುತ್ತದೆ.

ಕೊನೆಯ ಹಾಲುಹಲ್ಲಿನ ಹಿಂದೆ, ಮೇಲೂ ಕೆಳಗೂ, ಎರಡು ಪಕ್ಕದಲ್ಲೂ ಒಂದೊಂದು ಅಗಲವಾದ ದವಡೆಹಲ್ಲು ಈ ವಯಸ್ಸಿಗೆ ಹುಟ್ಟುತ್ತದೆ. ಯಾವ ಹಲ್ಲೂ ಬೀಳದೆ ಬರುವುದರಿಂದ ಇದನ್ನೂ ಹಾಲುಹಲ್ಲೆಂದೇ ಹಲವರು ತಿಳಿಯುತ್ತಾರೆ. ಇದು ಶಾಶ್ವತ ಹಲ್ಲು. ಹೋದರೆ ಮತ್ತೆ ಹುಟ್ಟದು. ಇದರ ನೆತ್ತಿಯಲ್ಲಿ ನಾಲ್ಕೈದು ಉಬ್ಬುಗಳು, ನಡುವೆ ಉತ್ತ ಸಾಲಿನಂತಹ ಗೆರೆಗಳು. ಮಿಠಾಯಿ ಅಂಟಿ ಕೂರುವುದು ಅಲ್ಲೇ. ಆ ಮೂಲೆಯವರೆಗೆ ಬ್ರಷ್ಷು ಹಿಡಿದು ನೀವೇ ಉಜ್ಜಿರಿ. ಗೆರೆಯಲ್ಲಿ ಕಪ್ಪು ಕುಳಿ ಕಂಡರೆ, ನೋವು ಬರಲೆಂದು ಕಾಯದೆ ದಂತವೈದ್ಯರಿಗೆ ತೋರಿಸಿರಿ. ಆಗಲೇ ತುಂಬಿಸಿದರೆ ಹಲ್ಲು ಉಳಿಯುತ್ತದೆ.