ಪ್ರದೇಶಾಧ್ಯಯನವೆಂಬ ವಿದ್ಯೆ

ಮಕ್ಕಳನ್ನು ವಿದ್ಯಾಪೀಠಕ್ಕೆ ಕಳುಹುವ ಗೃಹಸ್ಥರು ವೈದ್ಯವೇನು, ವಾಣಿಜ್ಯವೇನು ಎಂಬುದನ್ನು ಚೆನ್ನಾಗಿ ಬಲ್ಲರು. ಆದರೆ 'ಏರಿಯಾ ಸ್ಟಡೀಸ್' ಎಂಬ ಹೆಸರನ್ನು ಕೇಳಿದೊಡನೆ, ಇದು ಭೂಗೋಲವೋ ಇತಿಹಾಸವೋ, ಇದರಿಂದ ಹೊಟ್ಟೆ ತುಂಬೀತೇ ಎಂದು ಶಂಕಿಸುವರು. ಆ ಶಂಕೆ ಯುಕ್ತವಾದುದೇ. ಒಂದು ನಾಡನ್ನು ಆರಿಸಿಕೊಂಡು ಅದರ ಭಾಷೆ, ಚರಿತ್ರೆ, ಭೂಗುಣ, ಒಕ್ಕಲುತನ, ಮತಾಚಾರ, ರಾಜ್ಯವ್ಯವಸ್ಥೆಗಳನ್ನು ಒಟ್ಟಾಗಿ ಅಭ್ಯಸಿಸುವುದೇ ಪ್ರದೇಶಾಧ್ಯಯನವು.

ಈ ವಿದ್ಯೆಯು ಮೊದಲು ಬೆಳೆದುದು ರಾಜ್ಯಕಾರಣದ ಅಗತ್ಯದಿಂದ. ಪೂರ್ವದೇಶಗಳ ಭಾಷೆಗಳನ್ನು ಕಲಿಸಲು ಲಂಡನ್ನಿನಲ್ಲಿ 1916ರಲ್ಲಿ ಒಂದು ವಿದ್ಯಾಲಯವು ಸ್ಥಾಪಿತವಾಯಿತು. ಅಮೇರಿಕೆಯು 1958ರ ಕಾನೂನಿನಿಂದ ಇಂಥ ಅಭ್ಯಾಸಕ್ಕೆ ಧನಸಹಾಯವನ್ನು ಕೊಡತೊಡಗಿತು. ನಮ್ಮ ದೆಹಲಿಯಲ್ಲಿ 1955ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಅಧ್ಯಯನ ಸಂಸ್ಥೆಯು 1970ರಲ್ಲಿ ಜವಾಹರಲಾಲ ನೆಹರೂ ವಿಶ್ವವಿದ್ಯಾಲಯದಲ್ಲಿ ಲೀನವಾಯಿತು.

ಅನ್ಯರು ನಮ್ಮನ್ನೂ ಹೀಗೆಯೇ ಅಭ್ಯಸಿಸಿರುವರು. ಮುಂಬಯಿ ಇಲಾಖೆಯ ಅಧಿಕಾರಿಯಾಗಿದ್ದ ಫ್ಲೀಟ್ ಸಾಹೇಬರು ಶಾಸನಗಳನ್ನೋದಿ, 1882ರಲ್ಲಿ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದರು. ಹಾಗಾದರೆ ನಮ್ಮ ನೆಲವನ್ನು ನಾವೇ ಅಭ್ಯಸಿಸಲು ಏನೇನು ಬೇಕು? ಗದಗ ಸೀಮೆಯನ್ನೇ ನೋಡೋಣ.

ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳೆಂದು ಎಣಿಸಿದ ಸೀಮೆಯ ಎಲ್ಲೆಗಳಲ್ಲೊಂದು. ಅಲ್ಲಿಯ ಶಾಸನಗಳಿಗೆ ಹಳಗನ್ನಡ, ಸಂಸ್ಕೃತಗಳು ಬೇಕು. ಆದರೆ ಅದೇ ಊರು 1948ರ ವರೆಗೆ ಮೀರಜ ಸಂಸ್ಥಾನಕ್ಕೂ, ನೆರೆಯ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದ್ದವು. ಮರಾಠರ ಆಡಳಿತದ ಹಳೆಯ ದಫ್ತರಗಳನ್ನು ಓದಲು ಮೋಡಿ ಲಿಪಿಯು ತಿಳಿದಿರಬೇಕು. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಬಗೆಯನ್ನು ಅರಿಯಲು ಕಾಗದಪತ್ರಗಳು ಸಾಲವು. ಜನರ ನಡುವೆ ಕುಳಿತು ಕೇಳಬೇಕು. 1858ರಲ್ಲಿ ಬಂಡೆದ್ದ ಮುಂಡರಗಿಯ ಭೀಮರಾಯರ ವೃತ್ತಾಂತಕ್ಕೆ ಇಂಗ್ಲಿಷ್ ಸರಕಾರದ ವರದಿಯನ್ನೂ ನಾಡಿನ ಜನರ ನೆನಪನ್ನೂ ತೂಗಿ ನೋಡಬೇಕು. ಗದಗ-ಬೆಟಗೇರಿಯ ನೇಕಾರಿಕೆ, ಎರೆಹೊಲದ ಹತ್ತಿ, 1905ರಲ್ಲಿ ಕಣಗಿನಹಾಳದಲ್ಲಿ ಹುಟ್ಟಿದ ಸಹಕಾರಿ ಸಂಘ ಇವುಗಳಿಗೆ ಅರ್ಥಶಾಸ್ತ್ರವು ಬೇಕು. ಕೆಲವು ಊರುಗಳಿಗೇ ಇಷ್ಟು ಕೀಲಿಕೈಗಳು! ಒಂದೇ ಶಾಸ್ತ್ರವನ್ನು ಕಲಿತವನು ಒಂದೇ ಬಾಗಿಲನ್ನು ತೆರೆದಾನು.

ಆದುದರಿಂದ ಈ ವಿಷಯವನ್ನು ಆರಿಸುವಾಗ ಪದವಿಯ ಹೆಸರಿಗೆ ಮರುಳಾಗದೆ, ಆ ಅಭ್ಯಾಸಕ್ರಮದಲ್ಲಿ ಭಾಷೆಯನ್ನು ಓದಿ ಬರೆದು ಮಾತನಾಡುವಷ್ಟು ಕಲಿಸುವರೋ, ಇತಿಹಾಸ ಅರ್ಥಶಾಸ್ತ್ರಗಳಂಥ ಒಂದಾದರೂ ಶಾಸ್ತ್ರವನ್ನು ಆಳವಾಗಿ ಹೇಳಿಕೊಡುವರೋ, ಊರೂರಿಗೆ ಕಳುಹಿ ಕ್ಷೇತ್ರಾಭ್ಯಾಸ ಮಾಡಿಸುವರೋ ಎಂಬ ಮೂರನ್ನು ವಿಚಾರಿಸತಕ್ಕದ್ದು. ಭಾಷೆಯಿಲ್ಲದ ಪ್ರದೇಶಾಧ್ಯಯನವು ಬೀಜವಿಲ್ಲದ ಬಿತ್ತನೆ.

ಪದವಿಯೊಂದೇ ಅನ್ನವನ್ನು ತಂದುಕೊಡಲಾರದು. ಆದರೆ ಭಾಷೆಯೂ ಶಾಸ್ತ್ರವೂ ಕೈವಶವಾದವರಿಗೆ ಅಧ್ಯಾಪಕತ್ವ, ವೃತ್ತಪತ್ರಿಕೆ, ಭಾಷಾಂತರ, ಪತ್ರಾಗಾರ, ಗ್ರಾಮಾಭಿವೃದ್ಧಿಯ ಕೆಲಸಗಳ ದಾರಿ ತೆರೆಯುವುದು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಿಂದಲೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯವು 1991ರಿಂದಲೂ ಈ ನಾಡಿನ ಅಭ್ಯಾಸಕ್ಕೆ ನೆಲೆಗಳಾಗಿವೆ. ಗ್ರಾಮೀಣಾಭಿವೃದ್ಧಿಯ ವಿಶ್ವವಿದ್ಯಾಲಯವೊಂದು 2016ರಲ್ಲಿ ಗದಗಿನಲ್ಲಿಯೇ ಆರಂಭವಾಯಿತು.

ಮೋಡಿಯನ್ನು ಓದಬಲ್ಲ ಹಿರಿಯರು ವಿರಳರಾಗುತ್ತಿರುವರು. ಅವರ ವಿದ್ಯೆಯು ಅವರೊಡನೆ ಹೋದರೆ ಕಾಗದಗಳಿದ್ದೂ ಇಲ್ಲದಂತಾದಾವು. ಮನೆಯಲ್ಲಿ ಮಗನೋ ಮಗಳೋ ಈ ವಿದ್ಯೆಯನ್ನು ಬಯಸಿದರೆ, ಮೇಲಿನ ಮೂರು ಮಾತುಗಳನ್ನು ವಿಚಾರಿಸಿ, ಸಂತೋಷದಿಂದ ಒಪ್ಪಿಗೆಯನ್ನು ಕೊಡಬಹುದು.