ಬೇಸಗೆಯಲ್ಲಿ ಕುಂಡದ ಕಳ್ಳಿಗಿಡಗಳು

ಕತ್ತಾಳೆ, ಲೋಳೆಸರ, ಕಾಡುಬಸಳೆ, ಪಾಪಾಸುಕಳ್ಳಿ - ಇವುಗಳಿಗೆ ಬಿಸಿಲಿನ ಭಯವಿಲ್ಲವೆಂಬುದು ನಮ್ಮೆಲ್ಲರ ನಂಬಿಕೆ. ಬೇಲಿಯ ಬದುವಿನಲ್ಲಿ ಯಾರ ಆರೈಕೆಯೂ ಇಲ್ಲದೆ ಬೆಳೆಯುವ ಗಿಡಗಳಲ್ಲವೆ? ಆದರೂ ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಉಷ್ಣತೆ 40 ಡಿಗ್ರಿ ಸೆಂಟಿಗ್ರೇಡನ್ನು ದಾಟುವ ಏಪ್ರಿಲ್-ಮೇ ತಿಂಗಳುಗಳಲ್ಲಿ, ತಾರಸಿಯ ಕುಂಡಗಳಲ್ಲಿರುವ ಇವೇ ಗಿಡಗಳು ಬಾಡಿ ಸಾಯುವುದುಂಟು. ನೀರು ಸಾಲದಾಯಿತೆಂದು ಮನೆಯವರು ಇನ್ನಷ್ಟು ಹೊಯ್ಯುತ್ತಾರೆ. ಗಿಡ ಇನ್ನೂ ಬೇಗ ಕೊಳೆಯುತ್ತದೆ. ಇದೇಕೆ ಹೀಗೆ?

ಉತ್ತರದ ಎಳೆಯೊಂದು ಹಳೆಯ ಕಾಗದವೊಂದರಲ್ಲಿದೆ. ಬೆಂಜಮಿನ್ ಹೈನೆ ಎಂಬವರು ಈಸ್ಟ್ ಇಂಡಿಯಾ ಕಂಪನಿಯ ಸಸ್ಯಶಾಸ್ತ್ರಜ್ಞರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಲಾಲ್‌ಬಾಗಿನ ಉಸ್ತುವಾರಿಯೂ ಕೆಲಕಾಲ ಅವರದಾಗಿತ್ತು. ಕಾಡುಬಸಳೆಯ ಎಲೆ ಬೆಳಿಗ್ಗೆ ಹುಳಿಯಾಗಿಯೂ ನಡುಹಗಲಿಗೆ ಸಪ್ಪೆಯಾಗಿಯೂ ಸಂಜೆಗೆ ತುಸು ಕಹಿಯಾಗಿಯೂ ಇರುವುದನ್ನು ಅವರು 1813ರ ಕಾಗದದಲ್ಲಿ ಬರೆದರು.

ಇದರ ಅರ್ಥ ಮುಂದೆ ಸ್ಪಷ್ಟವಾಯಿತು. ಸಾಮಾನ್ಯ ಗಿಡಗಳು ಎಲೆಯ ಸೂಕ್ಷ್ಮರಂಧ್ರಗಳನ್ನು ಹಗಲು ತೆರೆದರೆ, ಇವು ರಾತ್ರಿ ತೆರೆಯುತ್ತವೆ. ಆಗ ಒಳಸೇರಿದ ಇಂಗಾಲಾಮ್ಲ ವಾಯುವನ್ನು ಹುಳಿಯ ರೂಪದಲ್ಲಿ ಕೂಡಿಟ್ಟು, ಹಗಲು ಬಾಗಿಲು ಮುಚ್ಚಿಕೊಂಡೇ ಅದರಿಂದ ಆಹಾರ ತಯಾರಿಸುತ್ತವೆ. ನೀರು ಉಳಿಯುತ್ತದೆ, ನಿಜ. ಆದರೆ ಮಾವು, ಬೇವುಗಳ ಹಾಗೆ ಎಲೆಯಿಂದ ನೀರನ್ನು ಆವಿಯಾಗಿಸಿ ಮೈ ತಂಪು ಮಾಡಿಕೊಳ್ಳುವ ಅನುಕೂಲ ಇವಕ್ಕೆ ಹಗಲಿನಲ್ಲಿ ಅಷ್ಟಾಗಿ ಇಲ್ಲ. ನೆಲದಲ್ಲಿರುವ ಗಿಡದ ಬೇರಿಗಾದರೂ ಮಣ್ಣಿನ ತಂಪುಂಟು. ಕುಂಡದ ಬೇರಿಗೆ ನಾಲ್ಕು ಕಡೆಯಿಂದಲೂ ಕಾವು. ಆದುದರಿಂದ ಕಡುಬೇಸಗೆಯಲ್ಲಿ ಅವು ಮೊದಲು ಬೇಡುವುದು ನೀರನ್ನಲ್ಲ, ನೆರಳನ್ನು.

ಕುಂಡಗಳನ್ನು ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಪೂರ್ವದ ಕಡೆಗೆ ಸರಿಸಿರಿ. ಪಡುವಣ ಗೋಡೆಯ ಪಕ್ಕ ಬೇಡ. ಸ್ಥಳವಿಲ್ಲದಿದ್ದರೆ ಬಿದಿರಿನ ತಡಿಕೆಯನ್ನೋ ತೆಳುವಾದ ಹಳೆಯ ಸೀರೆಯನ್ನೋ ಮೇಲೆ ಕಟ್ಟಿರಿ. ಕಾದ ಸಿಮೆಂಟು ನೆಲಕ್ಕೆ ಕುಂಡ ತಾಗದಂತೆ ಕೆಳಗೆ ಎರಡು ಇಟ್ಟಿಗೆಗಳನ್ನಿಡಿರಿ. ನೆರಳಿನಲ್ಲಿ ಬೆಳೆದ ಹೊಸ ಗಿಡವನ್ನು ತಂದೊಡನೆ ಬಿಸಿಲಿಗಿಡಬಾರದು. ಸುಟ್ಟ ಕಲೆ ಮತ್ತೆ ಮಾಯುವುದಿಲ್ಲ.

ನೀರನ್ನು ಕುಂಡ ಆರಿದ ಮೇಲೆ, ಸಂಜೆ ಹೊತ್ತು ಕೊಡಿರಿ. ಪೊರಕೆಯ ಕಡ್ಡಿಯೊಂದನ್ನು ಮಣ್ಣಿಗೆ ಎರಡು ಮೂರು ಅಂಗುಲ ಚುಚ್ಚಿ ನೋಡಿರಿ: ಮಣ್ಣು ಅಂಟಿ ಬಂದರೆ ಆ ದಿನ ನೀರು ಬೇಡ, ಒಣಗಿ ಬಂದರೆ ತಳದ ತೂತಿನಿಂದ ಹರಿಯುವಷ್ಟು ಹೊಯ್ಯಿರಿ. ರಾತ್ರಿಯೂ ಸೆಕೆ ಇಳಿಯದ ದಿನಗಳಲ್ಲಿ ಗಿಡದ ಬೆಳವಣಿಗೆಯೇ ಕುಂಠಿತವಾಗುವುದರಿಂದ ಗೊಬ್ಬರ ಹಾಕುವುದನ್ನೂ ಕುಂಡ ಬದಲಿಸುವುದನ್ನೂ ಮುಂದಕ್ಕೆ ಹಾಕಿರಿ.

ಎಲೆಯನ್ನು ಮುಟ್ಟಿ ನೋಡುವುದು ಅಗತ್ಯ. ಸುಕ್ಕುಗಟ್ಟಿ ತೆಳುವಾಗಿದ್ದು ಮಣ್ಣೂ ಒಣಗಿದ್ದರೆ ಅದು ಬಾಯಾರಿಕೆ. ಹಳದಿ ತಿರುಗಿ ಬುಡ ಮೆತ್ತಗಾಗಿದ್ದರೆ ಅದು ಕೊಳೆತ. ಒಡನೆ ನೀರು ನಿಲ್ಲಿಸಿ, ಗಟ್ಟಿಯಾಗಿರುವ ಮೇಲ್ಭಾಗವನ್ನು ಕತ್ತರಿಸಿ, ಗಾಯ ಒಣಗುವವರೆಗೆ ಕೆಲವು ದಿನ ನೆರಳಿನಲ್ಲಿಟ್ಟು, ಒಣ ಮರಳಿನಲ್ಲಿ ನೆಡಿರಿ. ಲೋಳೆಸರ ಬಿಸಿಲಿಗೆ ಕೆಂಪಾದರೆ ಗಾಬರಿ ಬೇಡ. ನೆರಳಿಗೆ ಬಂದ ಮೇಲೆ ಸಾಮಾನ್ಯವಾಗಿ ಹಸುರು ಮರಳುತ್ತದೆ.

ಮುಂಗಾರಿಗೆ ಮುಂಚೆಯೇ ಪ್ರತಿ ಕುಂಡದ ತೂತನ್ನೂ ಬಿಡಿಸಿಡಿರಿ. ಬೇಸಗೆಯನ್ನು ಗೆದ್ದ ಗಿಡ, ಮಳೆಯ ನಿಂತ ನೀರಿನಲ್ಲಿ ಕೊಳೆಯಬಾರದಲ್ಲವೆ?