ಸೈಕಲ್ ಶಾಕ್ ದುರಸ್ತಿ: ಎಣ್ಣೆಯ ಆಯ್ಕೆಯಲ್ಲಿದೆ ಲಾಭನಷ್ಟ

ತುಮಕೂರಿನ ಬಿ.ಎಚ್. ರಸ್ತೆಯಿಂದ ಹಿಡಿದು ಗುಬ್ಬಿ, ಕುಣಿಗಲ್ ಪೇಟೆಗಳವರೆಗೆ ಮುಂಭಾಗದಲ್ಲಿ ಶಾಕ್ ಇರುವ ಗೇರ್ ಸೈಕಲ್‌ಗಳು ಇಂದು ಸಾಮಾನ್ಯ ಸರಕಾಗಿವೆ. ದೇವರಾಯನದುರ್ಗದ ಏರಿಳಿತಗಳನ್ನು ಅರಸಿ ಬರುವವರಲ್ಲಿ ದುಬಾರಿ ಮೌಂಟನ್ ಬೈಕ್ ಸವಾರರೂ ಉಂಟು. ಆದರೆ ಶಾಕ್ ಕೆಟ್ಟಾಗ ಅಂಗಡಿಯಲ್ಲಿ ದೊರೆಯುವ ಉತ್ತರ ಬಹುಮಟ್ಟಿಗೆ ಎರಡೇ: ಹೊಸದನ್ನು ಹಾಕಿಸಿ, ಇಲ್ಲವೇ 70 ಕಿ.ಮೀ. ದೂರದ ಬೆಂಗಳೂರಿಗೆ ಕಳುಹಿಸಿ. ಮೋಟಾರ್ ಸೈಕಲ್ ಫೋರ್ಕ್ ಬಿಚ್ಚಿ ಸೀಲು ಬದಲಿಸಬಲ್ಲ ಮೆಕ್ಯಾನಿಕ್‌ಗೆ ಈ ಕೆಲಸ ಕೈಮೀರಿದ್ದೇನಲ್ಲ.

ಮೊದಲು ಸರಕನ್ನು ಗುರುತಿಸಬೇಕು. ಕಡಿಮೆ ಬೆಲೆಯ ಸೈಕಲ್‌ಗಳ ಅನೇಕ ಶಾಕ್‌ಗಳಲ್ಲಿ ಎಣ್ಣೆಯೇ ಇರುವುದಿಲ್ಲ. ಒಳಗಿರುವುದು ಸ್ಪ್ರಿಂಗ್, ರಬ್ಬರ್ ತುಂಡು ಮತ್ತು ಗ್ರೀಸ್ ಮಾತ್ರ. ಇಂಥವನ್ನು ಬಿಚ್ಚಿ, ಶುಚಿಗೊಳಿಸಿ, ಗ್ರೀಸ್ ಹಚ್ಚಿದರೆ ಸಾಕು. ಇವಕ್ಕೂ ‘ಆಯಿಲ್ ಸರ್ವಿಸ್’ ಎಂದು ಬಿಲ್ಲು ಬರೆಯುವುದು ವ್ಯಾಪಾರಧರ್ಮವಲ್ಲ.

ಉತ್ತಮ ದರ್ಜೆಯ ಫೋರ್ಕ್‌ನಲ್ಲಿ ಭಾರವನ್ನು ಹೊರುವುದು ಸ್ಪ್ರಿಂಗ್ ಅಥವಾ ಒತ್ತಿದ ಗಾಳಿ. ಅದರ ಚಲನೆಯ ವೇಗವನ್ನು ಹಿಡಿತದಲ್ಲಿಡುವುದು ಡ್ಯಾಂಪರ್‌ನ ಸಣ್ಣ ರಂಧ್ರಗಳಲ್ಲಿ ಹಾಯ್ದುಹೋಗುವ ಎಣ್ಣೆ. ಎಣ್ಣೆ ತೆಳುವಾದರೆ ಚಕ್ರ ಪುಟಿದೇಳುತ್ತದೆ, ಇಳಿಜಾರಿನಲ್ಲಿ ಹಿಡಿತ ತಪ್ಪುತ್ತದೆ. ಗಟ್ಟಿಯಾದರೆ ಸಾಲು ಗುಂಡಿಗಳಲ್ಲಿ ಫೋರ್ಕ್ ಮೇಲೇಳುವ ಮುನ್ನವೇ ಮತ್ತೊಂದು ಪೆಟ್ಟು ಬೀಳುತ್ತದೆ. ಹೀಗಾಗಿ ಇದು ಸವಾರನ ಸುರಕ್ಷತೆಗೂ ಸಂಬಂಧಿಸಿದ ವಿಷಯ.

ಈ ಫೋರ್ಕ್‌ಗಳಲ್ಲಿ ಎರಡು ಬಗೆಯ ಎಣ್ಣೆಗಳಿವೆ. ಕೆಳಕಾಲುಗಳೊಳಗೆ ಕೆಲವೇ ಮಿಲಿಲೀಟರ್ ಹಾಕುವುದು ಜಾರುವಿಕೆಗಾಗಿ; ಡ್ಯಾಂಪರ್‌ನೊಳಗಿನದು ನಿಯಂತ್ರಣಕ್ಕಾಗಿ. ಒಂದರ ಬದಲು ಇನ್ನೊಂದನ್ನು ಹಾಕುವಂತಿಲ್ಲ. ಪ್ರಸಿದ್ಧ ತಯಾರಕ ಸಂಸ್ಥೆಯಾದ ರಾಕ್‌ಶಾಕ್ಸ್ 50 ಗಂಟೆಗಳ ಸವಾರಿಗೊಮ್ಮೆ ಕೆಳಕಾಲುಗಳ ಸರ್ವಿಸ್ ಸೂಚಿಸುತ್ತದೆ. ಮೊದಲು ಗಾಳಿಯನ್ನು ಪೂರ್ಣವಾಗಿ ಬಿಡಬೇಕು. ಇದನ್ನು ಮರೆತು ಬಿಚ್ಚುವುದು ಅಪಾಯಕಾರಿ. ಬಳಿಕ ತಳದ ಬೋಲ್ಟ್‌ಗಳನ್ನು ಕೆಲವು ಸುತ್ತು ಸಡಿಲಿಸಿ, ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ನಂತರ ಪೂರ್ತಿ ತೆಗೆದು ಕೆಳಕಾಲುಗಳನ್ನು ಕಳಚಬೇಕು. ಫೋಮ್ ಉಂಗುರಗಳನ್ನು ಶುಚಿಗೊಳಿಸಿ ಎಣ್ಣೆಯಲ್ಲಿ ನೆನೆಸಿ, ಹೊಸ ಎಣ್ಣೆಯನ್ನು ಸಿರಿಂಜಿನಿಂದ ಅಳೆದು ಹಾಕಬೇಕು. ಸೀಲುಗಳನ್ನು ಪೆಟ್ರೋಲ್‌ನಲ್ಲಿ ತೊಳೆಯುವ ಗ್ಯಾರೇಜಿನ ರೂಢಿ ಇಲ್ಲಿ ಬೇಡ. ರಬ್ಬರ್ ಉಬ್ಬಿ ಹಾಳಾಗುವ ಸಂಭವವಿದೆ.

ದಾಸ್ತಾನು ಮಾಡುವ ವರ್ತಕರು ಮುಖ್ಯವಾಗಿ ಗಮನಿಸಬೇಕಾದದ್ದು ಡಬ್ಬದ ಮೇಲಿನ ಅಂಕಿಯನ್ನು. ಫೋರ್ಕ್ ಎಣ್ಣೆಗಳ ಮೇಲೆ 5, 7.5, 10 ಎಂದು ಮುದ್ರಿಸುವ ‘ವೇಟ್’ ಸಂಖ್ಯೆ ಎಲ್ಲ ತಯಾರಕರಲ್ಲೂ ಒಂದೇ ಅಳತೆಯದ್ದಲ್ಲ. ಒಬ್ಬರ 5, ಮತ್ತೊಬ್ಬರ 7.5ರಷ್ಟೇ ಗಟ್ಟಿಯಿರಬಹುದು. ನಂಬಬೇಕಾದದ್ದು 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಳೆದ ಸ್ನಿಗ್ಧತೆಯನ್ನು. ಅದನ್ನು ಸೆಂಟಿಸ್ಟೋಕ್ಸ್‌ನಲ್ಲಿ ನಮೂದಿಸಿರುತ್ತಾರೆ. ಸರಬರಾಜುದಾರರಿಂದ ಈ ಮಾಹಿತಿಪತ್ರವನ್ನು ಕೇಳಿ ಪಡೆಯಬೇಕು. ಜೊತೆಗೆ ಸ್ನಿಗ್ಧತಾ ಸೂಚ್ಯಂಕ ಹೆಚ್ಚಿದ್ದಷ್ಟೂ, ಡಿಸೆಂಬರ್‌ನ ಮುಂಜಾನೆಗೂ ಏಪ್ರಿಲ್‌ನ ಮಧ್ಯಾಹ್ನಕ್ಕೂ ಫೋರ್ಕ್‌ನ ವರ್ತನೆಯಲ್ಲಿ ವ್ಯತ್ಯಾಸ ಕಡಿಮೆ.

ಉಳಿತಾಯದ ಆಸೆಯಿಂದ ಎಂಜಿನ್ ಆಯಿಲ್ ಸುರಿಯುವುದು ಶುದ್ಧ ತಪ್ಪು. 20ಡಬ್ಲ್ಯು-40 ಎಂಜಿನ್ ಆಯಿಲ್‌ನ ಸ್ನಿಗ್ಧತೆ, ಡ್ಯಾಂಪರ್‌ಗೆ ಬಳಸುವ ಎಣ್ಣೆಗಳದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಪ್ರಮಾಣದಲ್ಲಿಯೂ ಅಂದಾಜು ಸಲ್ಲದು: ಎಣ್ಣೆ ಹೆಚ್ಚಾದಷ್ಟೂ ಒಳಗಿನ ಗಾಳಿಯ ಜಾಗ ಕುಗ್ಗಿ, ಒತ್ತಡವೇರಿ ಸೀಲು ಸೋರತೊಡಗುತ್ತದೆ. ತಯಾರಕರ ಕೈಪಿಡಿಯಲ್ಲಿರುವ ಅಳತೆಯೇ ಅಂತಿಮ.

ಸಣ್ಣ ಕೈಗಾರಿಕೆಗಳಿಗೂ ಇಲ್ಲೊಂದು ಅವಕಾಶವಿದೆ. ಸೀಲು ಕೂರಿಸುವ ಕೊಳವೆಯಾಕಾರದ ಸಾಧನ ಫೋರ್ಕ್‌ನ ವ್ಯಾಸಕ್ಕೆ ತಕ್ಕಂತೆ, ಅಂದರೆ 32, 34, 35, 36 ಮಿ.ಮೀ.ಗಳಿಗೆ ಬೇರೆಬೇರೆ ಬೇಕಾಗುತ್ತದೆ. ಆಮದಾದದ್ದು ದುಬಾರಿ. ನೈಲಾನ್ ಸರಳಿನಿಂದ ಇದನ್ನು ತಿರುವಿಕೊಡುವುದು ಅಂತರಸನಹಳ್ಳಿ ಅಥವಾ ಹಿರೇಹಳ್ಳಿಯ ಲೇತ್ ಘಟಕಗಳಿಗೆ ಕಷ್ಟದ ಕೆಲಸವಲ್ಲ.

ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗೆ ಸುರಿಯದೆ ಡಬ್ಬದಲ್ಲಿ ಸಂಗ್ರಹಿಸಿ ಅಧಿಕೃತ ಮರುಸಂಸ್ಕರಣೆದಾರರಿಗೆ ತಲುಪಿಸಬೇಕು. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಬಳಸಿದ ಎಣ್ಣೆಗೂ ಅನ್ವಯಿಸುತ್ತವೆ.